ಕೀನ್ವಾ ಬೇಯುವಷ್ಟು ಹೊತ್ತು

೧

ಎಲ್ಲಿಂದ ಶುರು ಮಾಡಲಿ ಅಂತ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ಕೀನ್ವಾ ಅಂತ ಶುರು ಮಾಡಿದರೆ ಅರ್ಧ ಜನ ಅದೇನು ಅಂತ ಕೇಳುತ್ತಾರೆ, ಇನ್ನರ್ಧ ಜನ ಉಚ್ಚಾರಣೆ ತಿದ್ದುತ್ತಾರೆ. ಮೈಕ್ರೋವೇವ್‌ನಿಂದ ಶುರು ಮಾಡಿದರೆ ಅದರ ಜೊತೆ ಬರುವ ಕೈಪಿಡಿ ಓದಿದ ಹಾಗಾಗುತ್ತದೆ. ಸಾವಿನಿಂದ ಶುರು ಮಾಡಬಹುದು. ಸಾವು ಅಂದರೆ ಓದುವವರ ಕಿವಿ ನೆಟ್ಟಗಾಗುತ್ತದೆ. ಆದರೆ ಈ ಕಥೆಯಲ್ಲಿ ಸತ್ತವಳು ಸತ್ತವರ ಹಾಗೆ ಮಲಗಲು ಒಪ್ಪುತ್ತಿಲ್ಲ. ಅಡುಗೆಮನೆಯ ಕುರ್ಚಿಯ ಮೇಲೆ ಕೂತಿದ್ದಾಳೆ. ನನ್ನ ತಕರಾರು ಅದೇ.

ನನಗೆ ಸುತ್ತಿ ಬಳಸಿ ಹೇಳುವುದು ಬರುವುದಿಲ್ಲ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಉತ್ತರಕ್ಕೆ ಮೊದಲು ಪೀಠಿಕೆ ಹಾಕಿದರೆ ಮೇಷ್ಟ್ರು ಬೆತ್ತ ತೆಗೆಯುತ್ತಿದ್ದರು. ಹಾಗಾಗಿ ಕೇಳಿ. ಅಕ್ಕತಂಗಿಯರಿಬ್ಬರು. ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಅಕ್ಕ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದಾಳೆ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳನ್ನು ಇಟ್ಟುಕೊಂಡು ಕಾಯುವ ಕೋಣೆ ಅವಳದು. ತಂಗಿ ಕಟ್ಟಿಸಿಕೊಳ್ಳುವ ಹಲ್ಲು ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಇಟ್ಟು ಹಲ್ಲು ಕೂರಿಸುತ್ತಾಳೆ. ಆಮೇಲೆ ಆಸ್ಪತ್ರೆಗೆ ಹೋಗಿ, ಅದನ್ನು ಹಾಕಿಕೊಂಡವರನ್ನು ಮಾತಾಡಿಸಿ, ತುಟಿ ನಾಲಿಗೆ ಹೇಗೆ ಆಡುತ್ತವೆ ಅಂತ ನೋಡುತ್ತಾಳೆ. ಒಂದು ಸಲ ಯಾರೋ ಬಸ್ಸಿನಲ್ಲಿ ಪೂರಾ ಸೆಟ್ಟು ಹಲ್ಲು ಬಿಟ್ಟುಹೋಗಿದ್ದರು. ಅಕ್ಕ ಕಾಗದದಲ್ಲಿ ಸುತ್ತಿ ಮನೆಗೆ ತಂದು ತೋರಿಸಿದಾಗ ತಂಗಿ, "ಅಯ್ಯೋ, ಇದು ನಾನೇ ಮಾಡಿದ್ದು ಕಣೇ!" ಅಂದಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಬೇಡಿ. ನಾನೂ ಕೇಳಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ, ಕೀನ್ವಾ ತಿನ್ನಿ ಅಂದರು ಡಾಕ್ಟರು.

"ಏನದು? ಕೀವಾ?" ಅಂದಳು ತಂಗಿ.

"ಕೀವಲ್ಲ ಕಣೇ, ಕೀನ್ವಾ. ಒಂದು ಥರ ಕಾಳು."

"ಥೂ. ಗುಬ್ಬಿಗೆ ಹಾಕೋ ಕಾಳಿನ ಹಾಗಿದೆ."

"ಗುಬ್ಬಿ ನೋಡು, ಎಷ್ಟು ಚುರುಕಾಗಿದೆ. ನಿನ್ನ ಹಾಗೆ ಡ್ರಮ್ಮಾಗಿದೆಯಾ?"

ಗ್ಯಾಸ್ ಹಚ್ಚಿ ಮರೆತುಬಿಡುವ ಚಾಳಿ ಅಕ್ಕನಿಗೆ. ಅದಕ್ಕೇ ಮೈಕ್ರೋವೇವ್ ಬಂತು. "ಇದು ತಾನೇ ಆರುತ್ತೆ, ತಾನೇ ಕೂಗುತ್ತೆ. ಮನೇಲಿ ಒಬ್ಬರಾದ್ರೂ ಜವಾಬ್ದಾರಿ ಇರೋರು ಬೇಡ್ವಾ?" ಅಂತ ಅಕ್ಕ. ಸಂಜೆ ತಂಗಿ ಕೀನ್ವಾ ಬೇಯಲು ಇಟ್ಟು ಅದರ ಮುಂದೆ ನಿಂತಿರುತ್ತಿದ್ದಳು. ಹಿಂದಿನ ಮೇಜಿನ ಹತ್ತಿರ ಅಕ್ಕ ಒಂದು ಮಂಡಿ ಮೇಲೆತ್ತಿ ಕುರ್ಚಿಯಲ್ಲಿ ಕೂತು, ಮುಲಾಮು ತಿಕ್ಕಿಕೊಳ್ಳುತ್ತಾ ಆಗಾಗ ಕೇಳುತ್ತಿದ್ದಳು:

"ಬೆಂತಾ?"

"ಇನ್ನೂ ಇಲ್ಲ. ಕೂತ್ಕೋ."

ಅವರ ಸಂಸಾರ ಅಂದರೆ ಅಷ್ಟೇ. ಒಂದು ಬೆಳಿಗ್ಗೆ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು "ಬರ್ತೀನಿ" ಅಂದಳು. ತಂಗಿ ಒಳಗಿನಿಂದಲೇ "ಹ್ಞೂಂ" ಅಂದಳು. ತಿರುಗಿ ನೋಡಲಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ಲಾರಿ.

೨

ನಮ್ಮ ಮನೆಯವಳು ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾಳೆ. ಬೆಳಗಿನ ಸುತ್ತು ಮುಗಿಸಿ ಬಂದು, ಬೂಟು ಬಿಚ್ಚದೆ, ನಾನು ಬರೆದಿದ್ದನ್ನು ಓದುತ್ತಾಳೆ. ನನ್ನ ಕಥೆಗಳಿಗೂ ಬ್ರೇಕ್ ಹಾಕುವವಳು ಅವಳೇ.

"ರೀ, ನೀವು ಕೀನ್ವಾ ಒಂದು ಸಲವಾದ್ರೂ ಬೇಯಿಸಿದ್ದೀರಾ?"

"ಕೊಲೆ ಬಗ್ಗೆ ಬರೆಯೋನು ಕೊಲೆ ಮಾಡಿರ್ಬೇಕಾ?"

"ಕೊಲೆ ಹೇಗೆ ಬೇಕಾದ್ರೂ ಬರೀರಿ, ಯಾರೂ ಕೇಳಲ್ಲ. ಅಡುಗೆ ತಪ್ಪು ಬರೆದ್ರೆ ಬಿಡಲ್ಲ. ನಿಮ್ಮ ಕಥೆಯ ತಂಗಿ ಕೀನ್ವಾನ ತೊಳೆದೇ ಇಲ್ಲ! ತೊಳೀದೆ ಬೇಯಿಸಿದ್ರೆ ಕಹಿ. ಸಣ್ಣ ಕಣ್ಣಿನ ಜರಡಿಗೆ ಹಾಕಿ, ಕೊಳಾಯಿ ಕೆಳಗೆ ಹಿಡಿದ್ರೆ ಸೋಪಿನ ಹಾಗೆ ನೊರೆ ಬರುತ್ತೆ. ನೊರೆ ನಿಲ್ಲೋವರೆಗೂ ತೊಳೀಬೇಕು."

"ಆಯ್ತು, ತೊಳೆಸ್ತೀನಿ. ಮತ್ತೆ?"

"ಮತ್ತೆ ಲಾರಿ."

"ಲಾರಿಗೇನಾಗಿದೆ?"

"ಹೋದ ಕಥೆಯಲ್ಲೂ ಲಾರಿ, ಅದರ ಹಿಂದಿನ ಕಥೆಯಲ್ಲೂ ಲಾರಿ. ನಿಮಗೆ ಯಾರಾದ್ರೂ ಬೇಡ ಅನ್ನಿಸಿದ ಕೂಡ್ಲೇ ತಿರುವಿನಲ್ಲಿ ಒಂದು ಲಾರಿ ನಿಲ್ಲಿಸಿರ್ತೀರ. ದಿನವಿಡೀ ರಸ್ತೇಲಿ ಇರೋಳು ನಾನು ಕಣ್ರೀ. ಸ್ವಲ್ಪ ನೋಡ್ಕೊಂಡು ಬರೀರಿ."

ನನಗೆ ರೇಗಿತು. ಲಾರಿ ಬದಲಾಯಿಸಲಿಲ್ಲ. ಹಟ ಅಂತಲೇ ಇಟ್ಟುಕೊಳ್ಳಿ. ಆದರೆ ಕೀನ್ವಾ ತೊಳೆಸಿದೆ. ತೊಳೆಸಿದ ಮೇಲೇ ಕಥೆ ಕೈ ತಪ್ಪಿದ್ದು.

೩

ಅಕ್ಕ ಹೋದ ಮೇಲೆ ತಂಗಿ ಎಷ್ಟೋ ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಕೆಲಸದ ಮೇಜಿನ ಮೇಲೇ, ಮೇಣದ ಚೂರುಗಳ ಪಕ್ಕ, ಬ್ರೆಡ್ಡು ತಿಂದಳು. ಡಿಪೋದವರು ಅಕ್ಕನ ಚೀಲ ತಂದು ಕೊಟ್ಟರು. ಅದನ್ನು ಎಲ್ಲಿಡುವುದು ಅಂತ ತಿಳಿಯದೆ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಯಾರೂ ಕೇಳಲು ಬಾರದ ಸಾಮಾನನ್ನು ಡಿಪೋದಲ್ಲಿ ಕೊನೆಗೆ ಹರಾಜಿಗೆ ಹಾಕುತ್ತಾರೆ. ಅಕ್ಕನಿಗೆ ಅದು ಸೇರುತ್ತಿರಲಿಲ್ಲ. "ಬಂದೇ ಬರ್ತಾರೆ ಕಣೇ. ತಡ ಆಗಿರುತ್ತೆ, ಅಷ್ಟೇ," ಅನ್ನುತ್ತಿದ್ದಳು.

ಒಂದು ಸಂಜೆ ಹೊಟ್ಟೆ ಹಸಿಯಿತು. ಡಬ್ಬದಲ್ಲಿ ಕೀನ್ವಾ ಬಿಟ್ಟರೆ ಬೇರೇನೂ ಇರಲಿಲ್ಲ. ಕೈ ಅಭ್ಯಾಸದ ಮೇಲೆ ಇಬ್ಬರಿಗಾಗುವಷ್ಟು ಜರಡಿಗೆ ಸುರಿಯಿತು. ಕೊಳಾಯಿ ಬಿಟ್ಟಳು. ನೊರೆ ಬಂತು. ಬೆರಳಾಡಿಸಿ ತೊಳೆದಳು, ಇನ್ನೂ ನೊರೆ. ನೀರು ತಿಳಿಯಾಯಿತು ಅನ್ನುವಷ್ಟರಲ್ಲಿ ತಳದಿಂದ ಮತ್ತೆ ಬಿಳಿ ಬಿಳಿ ಗುಳ್ಳೆ ಎದ್ದವು, ಯಾರೋ ನೀರಿನ ಕೆಳಗೆ ಉಸಿರು ಬಿಟ್ಟ ಹಾಗೆ. ಸಾಕಾಗಿ, ಹಾಗೇ ಬಸಿದು, ಆಳದ ಗಾಜಿನ ಬಟ್ಟಲಿಗೆ ಹಾಕಿ, ಎರಡರಷ್ಟು ನೀರು ಹೊಯ್ದು, ಮುಚ್ಚಳ ಓರೆಯಾಗಿಟ್ಟು, ಮೈಕ್ರೋವೇವ್‌ನ ಬಾಗಿಲು ಹಾಕಿ ಗುಂಡಿ ಒತ್ತಿದಳು.

ಒಳಗೆ ದೀಪ ಹತ್ತಿತು. ತಟ್ಟೆ ತಿರುಗತೊಡಗಿತು.

ಬಾಗಿಲಿನ ಗಾಜಿನಲ್ಲಿ ಅಕ್ಕ ಕೂತಿದ್ದಳು.

ಮುಖ ಚುಕ್ಕೆ ಚುಕ್ಕೆಯಾಗಿತ್ತು. ಗಾಜಿನ ಹಿಂದಿನ ಜಾಲರಿಯ ಸಣ್ಣ ತೂತುಗಳಿಂದ ಮಾಡಿದ ಮುಖ. ಒಂದು ಮಂಡಿ ಮೇಲೆತ್ತಿಕೊಂಡಿದ್ದಳು. ಕೀನ್ವಾದ ಬಟ್ಟಲು ಅವಳ ಎದೆಯೊಳಗೆ ನಿಧಾನವಾಗಿ ತಿರುಗುತ್ತಿತ್ತು. ತುಟಿ ಅಲ್ಲಾಡಿತು. ಯಂತ್ರದ ಗುಂಯ್ ಅನ್ನುವ ಸದ್ದಿನಲ್ಲಿ ದನಿ ಕೇಳಿಸಲಿಲ್ಲ. ಆದರೆ ತಂಗಿಗೆ ಕೇಳಿಸಬೇಕಾಗಿಯೂ ಇರಲಿಲ್ಲ. ಎಷ್ಟು ವರ್ಷದ ಪ್ರಶ್ನೆ ಅದು.

"ಇನ್ನೂ ಇಲ್ಲ," ಅಂದಳು ತಂಗಿ, ಗಾಜಿನಿಂದ ಕಣ್ಣು ತೆಗೆಯದೆ. "ಕೂತ್ಕೋ."

ಯಂತ್ರ ಕೂಗಿತು. ದೀಪ ಆರಿತು. ತಿರುಗಿ ನೋಡಿದರೆ ಕುರ್ಚಿ ಖಾಲಿ. ಮೇಜಿನ ಮೇಲೆ ಚೀಲ. ಮುಲಾಮಿನ ವಾಸನೆ ಮಾತ್ರ ಇತ್ತೋ ಇರಲಿಲ್ಲವೋ.

(ನಮ್ಮ ಮನೆಯವಳು ಇಲ್ಲಿ ತಡೆದಳು. "ರೀ, ಒಳಗೆ ದೀಪ ಉರೀತಿರುವಾಗ ಗಾಜಲ್ಲಿ ಒಳಗಿರೋದು ಕಾಣುತ್ತೆ. ಹಿಂದಿನ ಕೋಣೆ ಕಾಣೋದು ದೀಪ ಆರಿದಾಗ. ವ್ಯಾನಿನ ಕಿಟಕಿಯಲ್ಲಿ ದಿನಾ ನೋಡ್ತೀನಿ. ಉಲ್ಟಾ ಬರೆದಿದ್ದೀರ." ಎದ್ದು ಹೋಗಿ ನಮ್ಮ ಮೈಕ್ರೋವೇವ್ ಮುಂದೆ ನಿಂತು ನೋಡಿದೆ. ಅವಳು ಹೇಳಿದ್ದು ಸರಿ. ತಿದ್ದಲು ಕೂತೆ. ತಂಗಿ ಬಿಡಲಿಲ್ಲ. "ನಾನು ನೋಡಿದ್ದು ನೋಡಿದ ಹಾಗೇ ಇರಲಿ," ಅಂದಳು. "ಇನ್ನೊಂದು ಮಾತೂ ಸೇರಿಸ್ಕೊಳ್ಳಿ. ಅದರಲ್ಲಿ ನನ್ನ ಮುಖ ಕಾಣಲ್ಲ. ಗಾಜಿನ ಎದುರಿಗೇ ನಿಂತಿರ್ತೀನಿ, ನಾನು ಕಾಣಲ್ಲ. ಅವಳೊಬ್ಬಳೇ." ಸೇರಿಸಿದ್ದೇನೆ. ಇದನ್ನು ಬರೆಯುವಾಗ ಬೆನ್ನ ಹಿಂದೆ ತಣ್ಣಗಾಯಿತು. ಕಿಟಕಿ ಹಾಕಿ ಬಂದೆ.)

ಮತ್ತೆ ೩

ಆ ಅಕ್ಕ ಯಂತ್ರ ಓಡುವಷ್ಟು ಹೊತ್ತು ಮಾತ್ರ ಇರುತ್ತಾಳೆ. ತಂಗಿ ಇದನ್ನು ಬೇಗ ಕಂಡುಕೊಂಡಳು. ಹಾಲು ಬಿಸಿಗಿಟ್ಟರೆ ಅಕ್ಕ ಬಂದು ಕೂರುವಷ್ಟರಲ್ಲಿ ಹಾಲು ಉಕ್ಕುತ್ತದೆ. ಆಲೂಗಡ್ಡೆ ಪರವಾಗಿಲ್ಲ, ಆದರೆ ಹೆಚ್ಚು ಹೊತ್ತು ಬಿಟ್ಟರೆ ಸಿಡಿಯುತ್ತದೆ. ಬರೀ ನೀರಿಟ್ಟು ನೋಡಿದಳು, ಯಾರೂ ಬರಲಿಲ್ಲ. ಅಕ್ಕ ಊಟಕ್ಕಲ್ಲದೆ ಬರುವವಳಲ್ಲ. ನಿಧಾನಕ್ಕೆ ಬೇಯುವುದು ಕೀನ್ವಾ ಒಂದೇ. ಮೊದಲು ಪೂರಾ ಉರಿಯಲ್ಲಿ ಕುದಿ ಬರಿಸಬೇಕು, ಆಮೇಲೆ ಉರಿ ಅರ್ಧ ಮಾಡಿ ನೀರು ಹೀರುವವರೆಗೂ ಬಿಡಬೇಕು. ಉರಿ ಇನ್ನೂ ಇಳಿಸಿದರೆ ಇನ್ನೂ ಹೊತ್ತು ಸಿಗುತ್ತದೆ. ತಂಗಿ ಇಳಿಸಿದಳು. ನೀರು ಜಾಸ್ತಿ ಹಾಕಿದಳು. ಮತ್ತೂ ಇಳಿಸಿದಳು.

ಫ್ರಿಜ್ಜಿನಲ್ಲಿ ಬೆಂದ ಕೀನ್ವಾದ ಡಬ್ಬಿಗಳು ಸಾಲು ಕಟ್ಟಿದವು. ಕೆಲಸದ ಕಡೆ ಎಲ್ಲರಿಗೂ ಹಂಚಿದಳು. "ಏನಮ್ಮಾ, ಯಾರನ್ನ ಸಣ್ಣ ಮಾಡ್ಬೇಕು ಅಂತಿದ್ದೀಯಾ?" ಅಂತ ಅವರು. ತಾನು ಒಂದು ತುತ್ತೂ ತಿನ್ನಲಿಲ್ಲ. ಬೆಂದ ಕೀನ್ವಾ ನೋಡಿದ್ದೀರಾ? ಪ್ರತಿ ಕಾಳೂ ಅರಳಿ, ಅದರ ಸುತ್ತ ಒಂದು ಬಿಳಿ ಎಳೆ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದ ಉಗುರಿನ ಚೂರಿನ ಹಾಗೆ. ಒಂದು ಬಟ್ಟಲಿನ ತುಂಬ ಉಗುರು.

ಪ್ರತಿ ಸಂಜೆ ಗಾಜಿನಲ್ಲಿ ತುಟಿ ಅಲ್ಲಾಡುವುದು. ಪ್ರತಿ ಸಂಜೆ ಅದೇ ಉತ್ತರ: ಇನ್ನೂ ಇಲ್ಲ, ಕೂತ್ಕೋ. ಅಕ್ಕ ಕೂತಿರುತ್ತಿದ್ದಳು.

ಕುರ್ಚಿ ಮಾತ್ರ ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರ ಬರುತ್ತಿತ್ತು. ಗಾಜಿನಲ್ಲಿ. ತಿರುಗಿ ನೋಡಿದರೆ ಇದ್ದಲ್ಲೇ ಇರುತ್ತಿತ್ತು.

೫

(೪ ಹರಿದು ಹಾಕಿದೆ. ಅದರಲ್ಲಿ ಒಬ್ಬ ಮನೋವೈದ್ಯರಿದ್ದರು. ಬಹಳ ಮಾತಾಡುತ್ತಿದ್ದರು.)

ಈಗ ಜಗಳ. ನಾನು ಬರೆಯುತ್ತಾ ಕೂತಿದ್ದೆ. ತಂಗಿ ಬಂದಳು. ಹೇಗೆ ಬಂದಳು ಅಂತ ಕೇಳಿದರೆ ಸಿಟ್ಟು ಬರುತ್ತದೆ. ಪಾತ್ರಗಳು ಬರುವುದೇ ಹಾಗೆ, ಬಾಗಿಲು ತಟ್ಟುವುದಿಲ್ಲ.

"ಕಥೆಗಾರರೇ, ನೀವು ತಪ್ಪು ಬರೆದಿದ್ದೀರ."

"ಏನು ತಪ್ಪು? ತೊಳೆಸಿದ್ನಲ್ಲ."

"ಅದಲ್ಲ. ಅವಳು 'ಬೆಂತಾ' ಅಂತ ಕೇಳ್ತಿಲ್ಲ."

"ಏನು ಕೇಳ್ತಾಳೆ ಅಂತ ನಾನು ಬರೆದಿದ್ದೀನಲ್ಲಮ್ಮಾ."

"ನೀವು ಬರೆದಿಲ್ಲ! 'ತುಟಿ ಅಲ್ಲಾಡಿತು' ಅಂತ ಮಾತ್ರ ಬರೆದಿದ್ದೀರ. ಉಳಿದಿದ್ದು ನಾವಿಬ್ರೂ ಅಂದ್ಕೊಂಡಿದ್ದು."

ಪುಟ ತಿರುವಿ ನೋಡಿದೆ. ನೀವೂ ನೋಡಿ ಬೇಕಾದರೆ. ಅವಳು ಹೇಳಿದ ಹಾಗೇ ಇತ್ತು.

"ಇಷ್ಟು ದಿನ ದೂರ ಇದ್ದಳು, ಕಾಣ್ತಿರ್ಲಿಲ್ಲ," ಅಂದಳು ತಂಗಿ. ಕೈಗೆ ಇನ್ನೂ ನೊರೆ ಮೆತ್ತಿಕೊಂಡಿತ್ತು; ನನ್ನ ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ನಿನ್ನೆ ಹತ್ತಿರ ಬಂದಿದ್ದಳು. ನನ್ನ ಕೆಲಸವೇ ಬಾಯಿ ನೋಡೋದು. 'ಬೆ' ಅನ್ನೋವಾಗ ತುಟಿ ಪಕ್ಕಕ್ಕೆ ಹಿಗ್ಗುತ್ತೆ. ಅವಳ ತುಟಿ ಹಿಗ್ಗಲಿಲ್ಲ. ಮುಚ್ಚಿದ ತುಟಿ ತೆರೀತು, ದವಡೆ ಕೆಳಕ್ಕೆ ಬಿತ್ತು. ಆಮೇಲೆ ನಾಲಿಗೆ ಒಳಗೆ ಮಡಚ್ತು. ಕೊನೇಲಿ ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಬಂತು, ಬಾಯಿ ಪೂರ್ತಿ ತೆರೀತು. ನೀವೇ ಹೇಳಿ ನೋಡಿ, ಏನದು?"

ನಾನು ಬಾಯಾಡಿಸಿ ನೋಡಿದೆ. ನೀವೂ ಒಂದು ಸಲ ಮಾಡಿ. ಮುಚ್ಚಿದ ತುಟಿ. ಕೆಳಗೆ ಬೀಳುವ ದವಡೆ. ಮಡಚುವ ನಾಲಿಗೆ. ಹಲ್ಲಿನ ಹಿಂದೆ ನಾಲಿಗೆಯ ತುದಿ.

ಬರ್ಲಾ?

"ಬರ್ಲಾ ಅಂತ ಕೇಳ್ತಿದ್ದಾಳೆ," ಅಂದಳು ತಂಗಿ. "ಮೊದಲ ದಿನದಿಂದ ಅದನ್ನೇ ಕೇಳ್ತಿದ್ದಾಳೆ. ನಾನು ದಿನಾ 'ಇನ್ನೂ ಇಲ್ಲ, ಕೂತ್ಕೋ' ಅಂತಿದ್ದೀನಿ."



೬

ನಮ್ಮ ಮಾತಿನಲ್ಲಿ ಹೋಗುವವರು ಹೋಗುತ್ತೇನೆ ಅನ್ನುವುದಿಲ್ಲ. ಬರ್ತೀನಿ ಅನ್ನುತ್ತಾರೆ. ಹೊರಡಲು ಅಪ್ಪಣೆ ಕೇಳುವವರು "ಬರ್ಲಾ?" ಅನ್ನುತ್ತಾರೆ. ಬರಲು ಅಪ್ಪಣೆ ಕೇಳುವವರೂ "ಬರ್ಲಾ?" ಅನ್ನುತ್ತಾರೆ. ಎರಡಕ್ಕೂ ಉತ್ತರ "ಬಾ". ನಾನು ಹುಟ್ಟಿದಾಗಿನಿಂದ ಈ ಭಾಷೆ ಆಡುತ್ತಿದ್ದೇನೆ; ಇದರಲ್ಲಿ ಹೆದರುವಂಥದ್ದು ಏನಾದರೂ ಇದೆ ಅಂತ ಇವತ್ತಿನವರೆಗೆ ಅನ್ನಿಸಿರಲಿಲ್ಲ.

"ಯಾವ ಬರ್ಲಾ ಅದು?" ತಂಗಿ ಕೇಳಿದಳು. "ಹೊರಡ್ತೀನಿ ಅಂತಿದ್ದಾಳಾ? ಗಾಜಿನಿಂದ ಈಚೆ ಬರ್ತೀನಿ ಅಂತಿದ್ದಾಳಾ?"

"ನನಗೇನು ಗೊತ್ತು?"

"ನೀವಲ್ವಾ ಬರೆಯೋರು?"

"ಬರೆದವನಿಗೆ ಎಲ್ಲಾ ಗೊತ್ತಿರುತ್ತೆ ಅಂತ ಯಾರು ಹೇಳಿದ್ರು ನಿನಗೆ? ಬಾ ಅಂದುಬಿಡು, ಅತ್ಲಾಗೆ ಒಂದು ಇತ್ಯರ್ಥ ಆಗಲಿ. ಹೋಗೋಳಾದ್ರೆ ನೆಮ್ಮದಿಯಾಗಿ ಹೋಗ್ತಾಳೆ. ಬರೋಳಾದ್ರೆ ಬರ್ತಾಳೆ. ನಿನಗೂ ಅಕ್ಕ ಬೇಕಲ್ಲ?"

"ಅಕ್ಕ ಬೇಕು. ಲಾರಿ ಕೆಳಗೆ ಹೋದ ಅಕ್ಕ ಹೇಗೆ ಬರ್ತಾಳೆ? ಯಾವ ಮುಖ ಇಟ್ಕೊಂಡು ಬರ್ತಾಳೆ? ಗಾಜಲ್ಲಿ ಚುಕ್ಕೆ ಚುಕ್ಕೆ ಕಾಣುತ್ತಲ್ಲ, ಅದು ಜಾಲರಿ ಅಂತ ಬರೆದ್ರಿ. ಜಾಲರಿನೇನಾ?"

ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತೆ.

"ಬಾ ಅಂದ್ಮೇಲೆ ಅವಳು ನಿಜವಾಗ್ಲೂ ಹೊರಟೇ ಹೋದ್ರೆ?" ತಂಗಿಯ ದನಿ ಸಣ್ಣಗಾಯಿತು. "ನಾಳೆ ಸಂಜೆ ಕೀನ್ವಾ ಇಟ್ರೆ ಬರೀ ಕೀನ್ವಾ ಕಾಣುತ್ತೆ. ಅದನ್ನೂ ತಡ್ಕೊಳ್ಳೋಕಾಗಲ್ಲ ನನಗೆ. ನಿಮ್ಮ ಮನೆಯವರಾಗಿದ್ರೆ ನೀವು ಏನಂತಿದ್ರಿ, ಹೇಳಿ?"

"ನಮ್ಮನೆಯವಳ ಸುದ್ದಿ ಬೇಡ ಇಲ್ಲಿ," ಅಂತ ಗದರಿದೆ. ಜೋರಾಗೇ ಗದರಿದೆ.

೭

ಮುಗಿಸುವ ಪ್ರಯತ್ನಗಳು.

(ಅ) ಯಂತ್ರ ಓಡುತ್ತಿರುವಾಗಲೇ ತಂಗಿ ತಟ್ಟನೆ ಹಿಂದೆ ತಿರುಗುತ್ತಾಳೆ. ಕುರ್ಚಿ ಖಾಲಿ. ಮತ್ತೆ ಗಾಜಿಗೆ ತಿರುಗುತ್ತಾಳೆ. ಅಲ್ಲೂ ಕುರ್ಚಿ ಖಾಲಿ. ಹಾಗಾದರೆ ಈಗ ಅಕ್ಕ ಎಲ್ಲಿ? ಎಡಕ್ಕೂ ಬಲಕ್ಕೂ ನೋಡಲು ತಂಗಿಗೆ ಧೈರ್ಯವಿಲ್ಲ. ನನಗೂ ಇಲ್ಲ. ಹೊಡೆದು ಹಾಕಿದೆ.

(ಆ) ಬೇರನ್ನೇ ಕೀಳೋಣ ಅಂತ ಮೊದಲ ಪುಟಕ್ಕೆ ಹೋದೆ. "ಬರ್ತೀನಿ" ಅನ್ನುವುದನ್ನು ಅಳಿಸಿ "ಹೋಗ್ತೀನಿ" ಅಂತ ಬರೆದೆ. ಬರೆದ ಕೂಡಲೇ ತಂಗಿ ಒಳಗಿನಿಂದ ಓಡಿ ಬಂದಳು. ನಾನು ಓಡಿಸಲಿಲ್ಲ, ತಾನೇ ಬಂದಳು. "ಏನಂದೆ? ಹೊರಡೋವಾಗ ಹಾಗಂತಾರೇನೇ? ಬಾಯಿ ತೊಳ್ಕೋ ಮೊದಲು. ಬರ್ತೀನಿ ಅನ್ನು." ಅಕ್ಕ ನಕ್ಕಳು. "ಸುಮ್ನಿರೇ, ಬಾಯಿ ತಪ್ಪಿ ಬಂತು." "ಅನ್ನು ಅಂದ್ರೆ ಅನ್ನು!" ಹೀಗೆ ಇಬ್ಬರೂ ಮೆಟ್ಟಿಲ ಮೇಲೆ ನಿಂತು ಜಗಳವಾಡುತ್ತಿರುವಾಗ ಕೆಳಗೆ ತಿರುವಿನಲ್ಲಿ ಲಾರಿ ಒಂದು ದಾಟಿಹೋಯಿತು. ಅಷ್ಟೇ. ಅಕ್ಕ ಉಳಿದಳು.

ಖುಷಿಯಾಯಿತು ನನಗೆ. ಇಷ್ಟು ಸುಲಭವಿತ್ತಲ್ಲ ಅಂದುಕೊಂಡೆ. ಅದೇ ಸಂಜೆ ತಂಗಿ ಕೀನ್ವಾ ಇಟ್ಟಳು. ಹಿಂದೆ ಕುರ್ಚಿ ಕಿರುಗುಟ್ಟಿತು, ಮುಲಾಮಿನ ವಾಸನೆ ಬಂತು. "ಬೆಂತಾ?" ಅಂದಳು ಅಕ್ಕ. ಚೆನ್ನಾಗಿ ಕೇಳಿಸಿತು, ಬಾಯಿ ತುಂಬ. ತಂಗಿ ಗಾಜು ನೋಡಿದಳು.

ಗಾಜಿನಲ್ಲಿ ಕುರ್ಚಿ ಖಾಲಿ.

"ಬೆಂತೇನೇ?" ಹಿಂದಿನಿಂದ ಮತ್ತೆ ದನಿ. ಸ್ವಲ್ಪ ಹತ್ತಿರದಿಂದ.

ತಂಗಿ ಉತ್ತರ ಕೊಡುವ ಮೊದಲೇ ಆ ಹಾಳೆ ಹರಿದೆ. ಚೂರು ಚೂರು ಮಾಡಿದೆ. "ಬರ್ತೀನಿ" ಅನ್ನುವುದನ್ನು ಎಲ್ಲಿತ್ತೋ ಅಲ್ಲೇ ಇಟ್ಟೆ. ಮೇಲೆ ನೀವು ಓದಿದ್ದು ಅದೇ.

(ಇ) ಇದು ನಾನು ಬರೆದಿದ್ದಲ್ಲ. ತಂಗಿಯೇ ಮಾಡಿದಳು, ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ.

ಸಂಜೆ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಅಕ್ಕನ ಚೀಲವನ್ನು ಎತ್ತಿ ಗೋಡೆಯ ಮೊಳೆಗೆ ತಗುಲಿ ಹಾಕಿದಳು. ಮೇಜು ಒರೆಸಿದಳು. ಎರಡು ತಟ್ಟೆ ಇಟ್ಟಳು. ಜರಡಿ ಹಿಡಿದು ನೊರೆ ನಿಲ್ಲುವವರೆಗೂ ತೊಳೆದಳು. ಈ ಸಲ ಅವಸರ ಮಾಡಲಿಲ್ಲ. ಕೊನೆಗೆ ನೀರು ನೀರಾಗಿಯೇ ಬಿತ್ತು. ಬಟ್ಟಲಿಗೆ ಹಾಕಿ, ಉಪ್ಪು ಹಾಕಿ, ನೀರು ಎಷ್ಟು ಬೇಕೋ ಅಷ್ಟೇ ಹೊಯ್ದು, ಉರಿ ಎಷ್ಟಿರಬೇಕೋ ಅಷ್ಟೇ ಇಟ್ಟಳು.

ಅಕ್ಕ ಬಂದು ಕೂತಳು. ಈಗ ಗಾಜಿನ ತುಂಬ ಅವಳದೇ ಮುಖ. ಕುರ್ಚಿ ಕಾಣಿಸುತ್ತಿರಲಿಲ್ಲ, ಮಂಡಿ ಕಾಣಿಸುತ್ತಿರಲಿಲ್ಲ. ತುಟಿ ತೆರೆಯಿತು.

ತಂಗಿ ಬಾ ಅನ್ನಲಿಲ್ಲ. ಬೇಡ ಅನ್ನಲಿಲ್ಲ. ಯಂತ್ರ ಕೂಗುವುದನ್ನೂ ಕಾಯಲಿಲ್ಲ.

"ಬೆಂತು ಕಣೇ ಅಕ್ಕ," ಅಂದಳು. "ಊಟ ಮಾಡ್ಕೊಂಡು ಹೋಗು."

ಅಷ್ಟಂದು ಬಾಗಿಲು ತೆಗೆದಳು. ಆವಿ ಮುಖಕ್ಕೆ ಹೊಡೆಯಿತು. ಬಟ್ಟೆ ಹಿಡಿದು ಬಟ್ಟಲು ಹೊರಗೆ ತೆಗೆದು, ಕಣ್ಣು ನೆಲಕ್ಕೆ ಹಾಕಿಕೊಂಡೇ ಮೇಜಿನ ಹತ್ತಿರ ನಡೆದಳು. ಫೋರ್ಕಿನಿಂದ ಕಾಳು ಬಿಡಿಸಿದಳು. ಮೊದಲು ಎದುರಿನ ತಟ್ಟೆಗೆ ಬಡಿಸಿದಳು, ಆಮೇಲೆ ತನಗೆ. ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅಕ್ಕ ಹೋದ ಮೇಲೆ ಅವಳು ತಿಂದ ಮೊದಲ ತುತ್ತು ಕೀನ್ವಾ.

"ಕಹಿ ಇಲ್ಲ," ಅಂದಳು. ಎದುರಿನ ತಟ್ಟೆಯ ಕಡೆ ತಲೆ ಎತ್ತಿದಳು.

ಅವಳು ತಲೆ ಎತ್ತಿದಳು. ನಾನು ಎತ್ತಲಿಲ್ಲ. ಹಾಗಾಗಿ ಅಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ. ನನ್ನನ್ನು ಪೀಡಿಸಬೇಡಿ. ಮರುದಿನ ತಂಗಿ ನನ್ನ ಹತ್ತಿರ ಬರಲಿಲ್ಲ, ಆಮೇಲೂ ಬರಲಿಲ್ಲ. ಕರೆದು ನೋಡಿದೆ. ಹಾಳೆ ಬಿಳಿಯಾಗಿಯೇ ಇತ್ತು. ಅವಳ ಕೈಯ ನೊರೆ ತೊಟ್ಟಿಕ್ಕಿದ ಕಲೆ ಮಾತ್ರ ಇನ್ನೂ ಆರಿಲ್ಲ.

೮

"ಇದು ಮುಗಿದಿಲ್ಲ," ಅಂದಳು ನಮ್ಮ ಮನೆಯವಳು, ಓದಿ ಕೆಳಗಿಟ್ಟು. "ತಟ್ಟೇಲಿದ್ದದ್ದು ಖಾಲಿ ಆಯ್ತೋ ಇಲ್ವೋ?"

"ಗೊತ್ತಿಲ್ಲ."

"ನೀವು ಒಂದು ಸಲ ಬೇಯಿಸಿ ನೋಡಿ. ಆಗ ಗೊತ್ತಾಗುತ್ತೆ. ಡಬ್ಬಿ ಮೇಲಿನ ಸಾಲಲ್ಲಿದೆ, ಜರಡಿ ಕೊಳಾಯಿ ಪಕ್ಕ. ಎರಡರಷ್ಟು ನೀರು. ಉಕ್ಕಿಸಿ ಗಲೀಜು ಮಾಡ್ಬೇಡಿ, ಒರೆಸೋಳು ನಾನು." ಹೀಗೆ ಅಂದು ಮಧ್ಯಾಹ್ನದ ಸುತ್ತಿಗೆ ಬೂಟು ಹಾಕಿಕೊಳ್ಳತೊಡಗಿದಳು.

"ಲಾರಿ ತೆಗೀರಿ ಅಂದಿದ್ದೆ," ಅಂದಳು ಲೇಸು ಕಟ್ಟುತ್ತಾ. "ತೆಗೀಲೇ ಇಲ್ಲ ನೀವು."

"ತೆಗೀತೀನಿ ಬಿಡು."

ಜರಡಿಗೆ ಕೀನ್ವಾ ಹಾಕಿ ಕೊಳಾಯಿ ಬಿಟ್ಟೆ. ನೊರೆ ಬಂತು. ತೊಳೆದೆ. ನನ್ನ ಹಾಗೆ ಮುಂಗೋಪಿ ಮನುಷ್ಯನಿಗೆ ಆಗುವ ಕೆಲಸವಲ್ಲ ಅದು. ಅರ್ಧಕ್ಕೇ ಸಾಕು ಅಂತ ಬಟ್ಟಲಿಗೆ ಸುರಿದು, ನೀರು ಹೊಯ್ದು, ಮೈಕ್ರೋವೇವ್‌ಗೆ ಇಟ್ಟು, ಬಾಗಿಲು ಹಾಕಿ ಗುಂಡಿ ಒತ್ತಿದೆ. ದೀಪ ಹತ್ತಿತು. ತಟ್ಟೆ ತಿರುಗತೊಡಗಿತು.

ಹಿಂದೆ ಬೀಗದ ಕೈಗಳ ಸದ್ದು. ಮುಂಬಾಗಿಲು ತೆರೆಯಿತು. ಮುಂಬಾಗಿಲು ಮುಚ್ಚಿತು. ಕೆಳಗೆ ವ್ಯಾನ್ ಶುರುವಾಯಿತು. ಅದರ ಸೈಲೆನ್ಸರ್ ಕೆಟ್ಟಿದೆ, ಬೀದಿಗೆಲ್ಲ ಕೇಳಿಸುತ್ತದೆ. ವ್ಯಾನ್ ಹೊರಟಿತು. ಸದ್ದು ತಿರುವಿನ ಕಡೆ ಹೋಯಿತು.

ಆಮೇಲೆ, ನನ್ನ ಬೆನ್ನ ಹಿಂದೆ, ಮೇಜಿನ ಹತ್ತಿರದಿಂದ:

"ಬರ್ಲಾ?"

ಅವಳದೇ ದನಿ. ದಿನಾ ಕೇಳುವ ದನಿ. ದಿನಾ ನಾನು "ಹ್ಞೂಂ" ಅನ್ನುತ್ತೇನೆ, ತಲೆ ಎತ್ತುವುದಿಲ್ಲ.

ಕಥೆ ಮುಗಿಸಬೇಕಾದರೆ ನಾನು ಈಗ ತಿರುಗಬೇಕು. ಇಲ್ಲವೇ ಗಾಜು ನೋಡಬೇಕು. ಇಲ್ಲವೇ ತಂಗಿ ತೋರಿಸಿಕೊಟ್ಟ ಹಾಗೆ, ಬೆಂತು, ಊಟ ಮಾಡ್ಕೊಂಡು ಹೋಗು ಅನ್ನಬೇಕು. ಪುಟಗಟ್ಟಲೆ ಅವಳಿಗೆ ಧೈರ್ಯ ಹೇಳಿದವನು ನಾನು. ಯಂತ್ರದ ಮೇಲಿನ ಅಂಕಿ ಇಳಿಯುತ್ತಿತ್ತು. ಒಳಗೆ ನೊರೆ ಎದ್ದು ಮುಚ್ಚಳವನ್ನು ಎತ್ತುತ್ತಿತ್ತು.

ಕೈ ಚಾಚಿ ಉರಿ ಇಳಿಸಿದೆ. ಹೊತ್ತು ಹೆಚ್ಚಿಸಿದೆ. ಮತ್ತೆ ಹೆಚ್ಚಿಸಿದೆ.

"ಇನ್ನೂ ಇಲ್ಲ," ಅಂದೆ. "ಕೂತ್ಕೋ."

ಹಿಂದೆ ಕುರ್ಚಿ ಎಳೆದುಕೊಂಡ ಸದ್ದಾಯಿತು.